ಬೆಕ್ಕಿನ ಬಿಸಿಲು

ಲಂಟಾನ ಮೇದು ಕಾಯಿಲೆ ಬಿದ್ದ ದನವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಪ್ಪು ಬಿಳುಪು ಮೈಯ ಹಸುವಾದರೆ ಬಿಳಿ ಮಚ್ಚೆಯ ಜಾಗವಷ್ಟೇ ಬಾತು, ಬಿರಿದು, ಸುಲಿದು ಬರುತ್ತದೆ. ಅದಕ್ಕೆ ಅಂಟಿಕೊಂಡ ಕಪ್ಪು ಚರ್ಮಕ್ಕೆ ಏನೂ ಆಗಿರುವುದಿಲ್ಲ. ಸೊಪ್ಪಿನ ವಿಷಕ್ಕೆ ಯಕೃತ್ತು ಕೆಡುತ್ತದೆ. ಮೇವಿನ ಹಸಿರು ಜೀರ್ಣವಾಗುವಾಗ ಹುಟ್ಟುವ ಫಿಲೋಎರಿತ್ರಿನ್ ಪಿತ್ತದ ಜೊತೆ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಅದಿರುವ ಮೈಮೇಲೆ ಬಿಸಿಲು ಬಿದ್ದರೆ ಚರ್ಮ ಬೇಯುತ್ತದೆ. ಮೊದಲು ಆಗಬೇಕಾದ ಕೆಲಸ, ದನವನ್ನು ನೆರಳಿಗೆ ಕಟ್ಟುವುದು.

ಬೆಳಕು ತಾಗಿದಾಗ ಕೆಲಸ ಮಾಡುವ ಕ್ಯಾನ್ಸರ್ ಔಷಧಿಗಳು ಇದೇ ಗುಣವನ್ನು ಪಳಗಿಸಿಕೊಂಡಿವೆ. ಔಷಧಿ ಮೈಸೇರಿದ ಮೇಲೆ ಗಡ್ಡೆಗೆ ಕೆಂಪು ಬೆಳಕು ಹಾಯಿಸುತ್ತಾರೆ; ಅಲ್ಲಿನ ಆಮ್ಲಜನಕ ಉಗ್ರವಾಗಿ ಜೀವಕೋಶಗಳನ್ನು ಕೊಲ್ಲುತ್ತದೆ. ಬಿಳಿ ಬೆಕ್ಕುಗಳ ಮೂಗಿನ ತುದಿಗೆ, ಕಿವಿಗೆ ಬಿಸಿಲೇ ತರುವ ಕ್ಯಾನ್ಸರಿನಲ್ಲಿ, ಗಾಯ ಆಳಕ್ಕೆ ಇಳಿಯುವ ಮುಂಚೆ, ಇದು ಒಳ್ಳೆಯ ಫಲ ಕೊಟ್ಟಿದೆ. ಮೂಗನ್ನೇ ಕೊಯ್ದು ತೆಗೆಯುವ ಕಷ್ಟ ಎಷ್ಟೋ ಸಲ ತಪ್ಪುತ್ತದೆ. ಇಂಥ ಚಿಕಿತ್ಸೆ ಬೇಕು. ಆದರೆ ಅದು ಸುರಕ್ಷಿತ ಎನ್ನುವಾಗ ನಾವು ಏನನ್ನು ಅಳೆದು ಹಾಗೆನ್ನುತ್ತೇವೆ?

1912ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಸ್ ಇಂಥದೇ ಬೆಳಕಿಗೆ ಕೆರಳುವ ಹೆಮಟೋಪಾರ್ಫಿರಿನ್ ಅನ್ನು 200 ಮಿಲಿಗ್ರಾಂ ತಮಗೇ ಚುಚ್ಚಿಕೊಂಡರು. ಬಿಸಿಲು ತಾಗಿದ ಮುಖ, ಕೈ ವಿಪರೀತ ಬಾತವು. ಸುಮಾರು ಎರಡು ತಿಂಗಳು ಅವರ ಮೈ ಬಿಸಿಲನ್ನು ತಾಳಲಿಲ್ಲ. ಆದರೂ ಏಕೆ ಉರಿಯುತ್ತಿದೆ ಎಂದು ಅವರಿಗೆ ಗೊತ್ತಿತ್ತು, ಕದ ಹಾಕಿಕೊಂಡು ಒಳಗೆ ಕೂರುವುದು ಅವರ ಕೈಯಲ್ಲೇ ಇತ್ತು. ಬೆಕ್ಕಿಗೆ ಅದೆಲ್ಲಿ? ಬೆಳಿಗ್ಗೆ ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡು ನೆಲದ ಮೇಲೆ ಸರಿದಂತೆಲ್ಲ ತಾನೂ ಸರಿದು ಮಲಗುವ ಪ್ರಾಣಿ ಅದು. ಈ ಚಿಕಿತ್ಸೆಯ ಹಳೆಯ ಔಷಧಿ ಫೋಟೋಫ್ರಿನ್ ತೆಗೆದುಕೊಂಡ ಮನುಷ್ಯರೇ ಕನಿಷ್ಠ 30 ದಿನ ಬಿಸಿಲಿಗೆ ಬರಬಾರದು. ಹೊಸವುಗಳಲ್ಲಿ ಕೆಲವು ಬೇಗ ಮೈಬಿಡುತ್ತವೆ, ಮುಲಾಮಿನಂತೆ ಹಚ್ಚುವವೂ ಇವೆ. ಔಷಧಿ ಸುರಕ್ಷಿತವೇ ಎಂದು ನೋಡುವ ಪರೀಕ್ಷೆಯ ಪುಸ್ತಕದಲ್ಲಿ ರಕ್ತ, ಯಕೃತ್ತು, ಮೂತ್ರಪಿಂಡಗಳ ಲೆಕ್ಕದ ಪಕ್ಕದಲ್ಲೇ ಆ ಕತ್ತಲ ದಿನಗಳ ಲೆಕ್ಕವೂ ಇರಬೇಕು: ಬೆಕ್ಕು ಉಂಡಿತೇ, ಮೂಲೆ ಸೇರಿತೇ, ಕಿವಿ ಕೆರೆದುಕೊಂಡಿತೇ.

ಇದಕ್ಕಿಂತ ಕಠಿಣವಾದದ್ದು ಆರೋಗ್ಯವಂತ ನಾಯಿಗೆ, ಬೆಕ್ಕಿಗೆ ಔಷಧಿಯ ಪ್ರಮಾಣ ಏರಿಸುತ್ತಾ ಹೋಗಿ ಎಲ್ಲಿ ಕೆಡುಕಾಗುತ್ತದೆ ಎಂದು ನೋಡುವ ಪರೀಕ್ಷೆ. ಪ್ರಾಣಿಗಳ ಒಳಿತಿಗೇ ಅಲ್ಲವೇ ಎನ್ನುತ್ತಾರೆ. ಆದರೆ ಉರಿಯುವುದು ಬೆಕ್ಕಿನ ಕುಲಕ್ಕಲ್ಲ, ಆ ಒಂದು ಬೆಕ್ಕಿಗೆ. ಅದಕ್ಕೆ ಅಲ್ಲಿ ಸಿಗುವುದೇನೂ ಇಲ್ಲ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಯೋಗ ಬೇಡವೆನ್ನುವುದಿಲ್ಲ, ಅನಗತ್ಯ ನೋವು ಬೇಡವೆನ್ನುತ್ತದೆ. ಯಾವುದು ಅನಗತ್ಯ ಎಂದು ತೀರ್ಮಾನಿಸುವವರು ನೋವು ಉಣ್ಣದವರು. ಜೀವಕೋಶಗಳ ಮೇಲೆ ತಿಳಿಯಬಹುದಾದದ್ದನ್ನೆಲ್ಲ ಮೊದಲು ಅಲ್ಲೇ ತಿಳಿದುಕೊಂಡು, ಆಮೇಲೆ ನಿಜಕ್ಕೂ ರೋಗ ಬಂದ, ಗುಣದ ಆಸೆಯಿರುವ ಪ್ರಾಣಿಯ ಬಳಿ ಸಣ್ಣ ಪ್ರಮಾಣದಿಂದ ಹೋಗುವುದು ನಿಧಾನದ ದಾರಿ. ನಾನು ಆ ನಿಧಾನದ ಪರ. ಸೋತ ಪ್ರಯೋಗವನ್ನೂ ಪ್ರಕಟಿಸಬೇಕು, ಇಲ್ಲದಿದ್ದರೆ ಇನ್ನೊಂದು ಊರಿನಲ್ಲಿ ಇನ್ನೊಂದು ಬೆಕ್ಕು ಅದೇ ಉರಿಯನ್ನು ಮತ್ತೆ ಉಣ್ಣಬೇಕಾಗುತ್ತದೆ.

ಸೂಜಿ ಎತ್ತುವ ಮುಂಚೆ ವೈದ್ಯರು ಸಾಕಿದವರನ್ನು ಕೇಳಲಿ: ನಿಮ್ಮ ಮನೆಯಲ್ಲಿ ಬಿಸಿಲು ಬೀಳದ ಕೋಣೆ ಇದೆಯೇ, ಅಲ್ಲಿ ಅದರ ಜೊತೆ ಕೂರುವವರು ಯಾರು?