ದೇವರನ್ನು ತೆಗೆದ ಮೇಲೆ

ಮೆಸೊಪೊಟೇಮಿಯಾದ ಗಿಲ್ಗಮೆಶ್ ಮಹಾಕಾವ್ಯವನ್ನು ಸಿನಿಮಾ ಮಾಡಹೊರಟವರಿಗೆ ದೇವತೆಗಳೇ ತೊಡಕು. ನಾಯಕನ ಗೆಳೆಯ ಎಂಕಿಡು ಸಾಯುವುದು ಅವರ ತೀರ್ಪಿನಿಂದ. ಅವರನ್ನು ಕೈಬಿಟ್ಟರೆ ಆ ಸಾವಿಗೆ ಹೊಣೆ ಯಾರು?

ನಮ್ಮ ಮುಂಬಯಿ ಈ ಪ್ರಶ್ನೆಯನ್ನು ಮಹಾಭಾರತದ ಮೂಲಕ ಎದುರಿಸಿದೆ. ಶ್ಯಾಮ್ ಬೆನೆಗಲ್ ನಿರ್ದೇಶಿಸಿ, ಗಿರೀಶ ಕಾರ್ನಾಡರೊಂದಿಗೆ ಚಿತ್ರಕಥೆ ಬರೆದ 1981ರ ‘ಕಲ್‌ಯುಗ್’ನಲ್ಲಿ ಕುರುಕ್ಷೇತ್ರವೆಂದರೆ ಎರಡು ಉದ್ಯಮಿ ಕುಟುಂಬಗಳ ಪೈಪೋಟಿ. ಶಶಿ ಕಪೂರರ ಕರಣ್ ಇಲ್ಲಿಯ ಕರ್ಣ, ಅನಂತನಾಗ್ ಅವರ ಭರತ್ ಅರ್ಜುನ.

ವ್ಯಾಸರ ಕರ್ಣನ ರಥಚಕ್ರ ಹೂತದ್ದಕ್ಕೆ ಶಾಪವಿತ್ತು. ಬಾಣ ಬಿಡು ಎನ್ನಲು ಕೃಷ್ಣನಿದ್ದ. ಅರ್ಜುನನ ಪಾಪಕ್ಕೆ ಪಾಲುದಾರರು ಹಲವರು. ಚಿತ್ರದಲ್ಲಿ ಶಾಪವಿಲ್ಲ, ಕೃಷ್ಣನೂ ಬರೀ ಮನುಷ್ಯ. ಸತ್ತ ಕರಣ್ ತನ್ನ ಅಣ್ಣನೆಂದು ತಿಳಿದ ಭರತ್ ಒಬ್ಬನೇ ಕುಸಿಯುತ್ತಾನೆ. ಅವನಿಗೆ ಗೀತೆಯ ಆಸರೆಯೂ ಇಲ್ಲ.

ದೇವರನ್ನು ತೆಗೆಯುವ ಹಕ್ಕು ಚಿತ್ರ ಮಾಡುವವರಿಗೆ ಖಂಡಿತ ಇದೆ. ಆದರೆ ದೇವರು ಹೊತ್ತಿದ್ದ ಭಾರವನ್ನು ಯಾರದಾದರೂ ಹೆಗಲಿಗೆ ಹೊರಿಸಲೇಬೇಕು ಎಂಬುದು ನನ್ನ ನಂಬಿಕೆ. ಈ ಊರಿನಲ್ಲಿ ತಪ್ಪಿಸಿಕೊಳ್ಳಲು ಒಂದು ಮಾತು ಸದಾ ಸಿದ್ಧ: ‘ಧಂದೆ ಅಂದಮೇಲೆ ಇದೆಲ್ಲ ಇದ್ದದ್ದೇ.’ ವಿಧಿ ಖಾಲಿ ಮಾಡಿದ ಕುರ್ಚಿಯಲ್ಲಿ ಧಂದೆಯನ್ನು ಕೂರಿಸಿದರೆ, ಕೊಂದವನು ಮತ್ತೆ ಪಾರಾದ ಹಾಗೆಯೇ.