ಕಲ್ಲು ಹೇಳಿದ್ದು, ನಾವು ಸೇರಿಸಿದ್ದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ವಳ್ಳೂರು ಎಂಬ ಊರಿದೆ. ಆಂಧ್ರದ ಕಡಪ ಜಿಲ್ಲೆಯಲ್ಲಿ ವಲ್ಲೂರು ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಎರಡಕ್ಕೂ ಕಾಗುಣಿತ ಒಂದೇ. ಹಳೆಯ ದಾಖಲೆಯೊಂದರಲ್ಲಿ ಈ ಹೆಸರು ಬಂದರೆ, ಸುತ್ತಿನ ಹತ್ತು ಸಾಲು ಓದಿದವರಿಗೆ ಯಾವ ಊರೆಂದು ತಿಳಿದೀತು. ಕಂಪ್ಯೂಟರಿಗೆ ತಿಳಿಯದು. ಅದು ಊರೋ ಮನುಷ್ಯನೋ ಎಂಬುದೂ ಅದಕ್ಕೆ ಗೊತ್ತಿಲ್ಲ. ಅದರ ಪಾಲಿಗೆ ಅದು ಬರೀ ಅಕ್ಷರಗಳ ಸಾಲು. ಹಾಗಾಗಿ ಆ ಪದದ ಹಿಂದೊಂದು ಮುಂದೊಂದು ಗುರುತು ಹಾಕಿ, ಇದು ಸ್ಥಳನಾಮ, ಇಂಥ ಜಿಲ್ಲೆಯದು ಎಂದು ಬರೆದಿಡಬೇಕಾಗುತ್ತದೆ. ಈ ವಿದ್ಯೆಗೆ ಮಾರ್ಕಪ್ ಎನ್ನುತ್ತಾರೆ. 1987ರಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ಸೇರಿದ ವಿದ್ವಾಂಸರಿಂದ ಆರಂಭವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್, ಅಂದರೆ ಟಿಇಐ, ಇದಕ್ಕೊಂದು ನಿಯಮಾವಳಿ ಮಾಡಿಕೊಟ್ಟಿದೆ. ಶಾಸನ ಓದುವವರು ಅದನ್ನೇ ತಮಗೆ ಬೇಕಾದಂತೆ ಹೊಂದಿಸಿಕೊಂಡು ಎಪಿಡಾಕ್ ಎಂದು ಕರೆದಿದ್ದಾರೆ.

ಹೆಸರು ಕೇಳಿ ಹೆದರಬೇಕಾಗಿಲ್ಲ, ಕೆಲಸ ನಮಗೆ ಹೊಸದಲ್ಲ. ಉರ್ದು ಗಜಲಿನ ಕೊನೆಯ ಶೇರಿನಲ್ಲಿ ಕವಿಯ ತಖಲ್ಲುಸ್ ಬಂದರೆ ಅದರ ತಲೆಯ ಮೇಲೊಂದು ಸಣ್ಣ ಗೆರೆ ಎಳೆಯುತ್ತಾರೆ. 'ಮೋಮಿನ್' ಎಂದರೆ ಶ್ರದ್ಧಾವಂತ. 19ನೇ ಶತಮಾನದ ದೆಹಲಿಯ ಕವಿಯೊಬ್ಬರ ಕಾವ್ಯನಾಮವೂ ಹೌದು. ಆ ಗೆರೆ ಬಿಟ್ಟುಹೋದರೆ ಒಬ್ಬ ಕವಿಯ ಪ್ರೇಮಪ್ರಲಾಪವೆಲ್ಲ ಲೋಕದ ಶ್ರದ್ಧಾವಂತರ ತಲೆಗೆ ಬರುತ್ತದೆ! ವಚನಗಳಲ್ಲಿ ಇಂಥ ಗುರುತಿನ ಕೆಲಸವನ್ನು ಅಂಕಿತ ಮಾಡುತ್ತದೆ. 'ಗುಹೇಶ್ವರ' ಕಂಡರೆ ಅಲ್ಲಮನೆಂದು ತಿಳಿಯುತ್ತೇವೆ. ಆದರೆ ಅಂಕಿತ ವಚನಕಾರನದೇ ಮಾತು, ಗೆರೆ ಲಿಪಿಕಾರನದು. ಖುರ್‌ಆನಿನ ಆರಂಭಕಾಲದ ಎಷ್ಟೋ ಹಸ್ತಪ್ರತಿಗಳಲ್ಲಿ ಸ್ವರ ಸೂಚಿಸುವ ಚುಕ್ಕೆಗಳನ್ನು ಕೆಂಪು ಶಾಯಿಯಲ್ಲಿ ಇಟ್ಟಿದ್ದಾರೆ. ಮೂಲದ ಕಪ್ಪು ಅಕ್ಷರ, ಓದಲು ನೆರವಾಗುವ ಗುರುತು, ಎರಡೂ ಕಣ್ಣಿಗೆ ಬೇರೆಬೇರೆಯಾಗಿಯೇ ಕಾಣುತ್ತವೆ. ಮಾರ್ಕಪ್ಪಿನ ಮೊದಲ ಪಾಠ ನಮಗೆ ಅಲ್ಲೇ ಸಿಕ್ಕಿದೆ.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟವಾಗಿ ಹೊರತಂದರು. ಶಾಸನದ ಕಲ್ಲು ಮಳೆಬಿಸಿಲಿಗೆ ಸವೆದಿರುತ್ತದೆ, ದನ ಮೈಯುಜ್ಜಿರುತ್ತದೆ, ಮೇಲ್ಭಾಗ ಒಡೆದು ಯಾರದೋ ಮನೆಯ ಮೆಟ್ಟಿಲಾಗಿರುತ್ತದೆ. ಅಳಿದ ಅಕ್ಷರಕ್ಕೆ ಅಚ್ಚಿನಲ್ಲಿ ಚುಕ್ಕೆ ಹಾಕುತ್ತಾರೆ, ಊಹಿಸಿ ತುಂಬಿದ್ದನ್ನು ಕಂಸದೊಳಗೆ ಇಡುತ್ತಾರೆ. ಇನ್ನೊಬ್ಬರು ನಕಲು ಮಾಡುವಾಗ ಕಂಸ ಬಿದ್ದುಹೋಗುತ್ತದೆ. ಮೂರನೆಯವರ ಲೇಖನಕ್ಕೆ ಬರುವ ಹೊತ್ತಿಗೆ ಸಂಪಾದಕರ ಊಹೆ ಕಲ್ಲಿನ ಮಾತಾಗಿಬಿಟ್ಟಿರುತ್ತದೆ.

ಟಿಇಐ ಈ ಜಾಗದಲ್ಲಿ ಬಹಳ ಬಿಗಿ. ಅಕ್ಷರ ಕಳೆದಿದ್ದರೆ 'ಗ್ಯಾಪ್', ಎಷ್ಟು ಅಕ್ಷರವೆಂದೂ ಹೇಳಬಹುದು. ಮಸುಕಾಗಿದ್ದರೆ 'ಅನ್‌ಕ್ಲಿಯರ್', ನಾವು ತುಂಬಿದ್ದರೆ 'ಸಪ್ಲೈಡ್'. ತುಂಬಿದವರು ಯಾರು, ಅವರಿಗೆ ಎಷ್ಟು ಖಾತ್ರಿ ಎಂಬುದನ್ನೂ ಜೊತೆಗೆ ಬರೆಯಬಹುದು. ಕೆತ್ತಿದವನ ತಪ್ಪನ್ನು ತಿದ್ದಿದರೆ ತಪ್ಪೂ ತಿದ್ದುಪಡಿಯೂ ಪಕ್ಕಪಕ್ಕದಲ್ಲೇ ಉಳಿಯುತ್ತವೆ. ಹಳೆಯ ದಾಖಲೆಗಳ 'ಮದ್ದಗಿರಿ'ಯನ್ನು ಅಳಿಸದೆ 'ಮಧುಗಿರಿ'ಯನ್ನು ಕೊಡಬಹುದು. ಊಹಿಸದೆ ಸವೆದ ಶಾಸನವನ್ನು ಓದಲಾಗದು, ನಿಜ. ಆದರೆ ಆ ಊಹೆಯನ್ನು ಕಲ್ಲಿನ ಬಾಯಿಂದ ಹೇಳಿಸಿದರೆ ಅದು ಸುಳ್ಳುಸಾಕ್ಷಿಯೇ.

ಇಷ್ಟರವರೆಗೆ ಯಾರಿಗೂ ತಕರಾರಿರಲಾರದು. ಕಷ್ಟ ಬರುವುದು ಮನುಷ್ಯರಿಗೆ ಗುರುತು ಹಾಕುವಾಗ. ಶಿರಾದಲ್ಲಿ ಗೋರಿಯಿರುವ ಮಲಿಕ್ ರಿಹಾನರ ಹೆಸರಿನಲ್ಲಿ 'ಮಲಿಕ್' ಎಂಬುದು ಬಿರುದು. ಹೆಸರೆಂದು ಗುರುತಿಸಿದರೆ ಬಿಜಾಪುರದ ಆಡಳಿತದ ಒಂದು ಎಳೆ ಕೈತಪ್ಪುತ್ತದೆ. ಅದಾದರೂ ಸಣ್ಣದು. ವ್ಯಕ್ತಿಯ ಮತಧರ್ಮವನ್ನು ದಾಖಲಿಸಲೂ ಟಿಇಐಯಲ್ಲಿ ಒಂದು ಗುರುತಿದೆ. ಶಾಸನದಲ್ಲಿ 'ತುರುಕ' ಎಂದು ಬಂದ ಕಡೆಯಲ್ಲೆಲ್ಲ ಅಲ್ಲಿ ಮುಸ್ಲಿಮ್ ಎಂದು ತುಂಬುತ್ತಾ ಹೋಗುವುದೇ? ಇತಿಹಾಸಕಾರ ಬ್ರಜದುಲಾಲ್ ಚಟ್ಟೋಪಾಧ್ಯಾಯರು 1998ರ ತಮ್ಮ 'ರೆಪ್ರೆಸೆಂಟಿಂಗ್ ದಿ ಅದರ್?' ಪುಸ್ತಕದಲ್ಲಿ ತೋರಿಸಿದಂತೆ, ಹಳೆಯ ಸಂಸ್ಕೃತ ಆಧಾರಗಳ ತಾಜಿಕ, ತುರುಷ್ಕ, ಯವನ ಮುಂತಾದ ಪದಗಳು ಮತದ ಹೆಸರುಗಳಲ್ಲ. ಹೆಚ್ಚಾಗಿ ಜನ, ನಾಡು, ಮೂಲಗಳನ್ನು ಹೇಳುವಂಥವು. ವಿಜಯನಗರದ ಅರಸರಂತೂ 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ. ಸುಲ್ತಾನ ಎಂದೊಡನೆ ಮುಸ್ಲಿಮ್ ಎಂದು ಗುರುತು ಹಾಕುವವರು ಹಂಪಿಯ ಅರಸರನ್ನು ಏನು ಮಾಡುತ್ತಾರೆ?

ಪುಸ್ತಕದಲ್ಲಿ ಯಾರೋ ಹೀಗೆ ಅರ್ಥ ಹಚ್ಚಿದರೆ ಓದುವವರು ವಾದಿಸಬಹುದು. ಗುರುತಾಗಿ ಒಳಗೆ ಕೂತರೆ ಕಂಪ್ಯೂಟರ್ ಅದನ್ನು ಎಣಿಸುತ್ತದೆ, ಪಟ್ಟಿ ಮಾಡುತ್ತದೆ. ಇಷ್ಟು ಶಾಸನಗಳಲ್ಲಿ ಎರಡು ಧರ್ಮಗಳ ನಡುವೆ ಯುದ್ಧ ಎಂಬ ಅಂಕಿ ಹೊರಬರುತ್ತದೆ. ಅಂಕಿಯೊಡನೆ ಜಗಳವಾಡುವುದು ನಮ್ಮ ಕಾಲದಲ್ಲಿ ಸುಲಭವಲ್ಲ. ಆ ಜಾಗವನ್ನು ಖಾಲಿ ಬಿಡಲು ನಿಯಮ ಅಡ್ಡಿ ಮಾಡುವುದಿಲ್ಲ. ಬಿಡುವ ಧೈರ್ಯ ನಮಗೆ ಬರಬೇಕು.

ಕಲಿಯಲು ಬೇಕಾದದ್ದು ಕಡಿಮೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಪಠ್ಯ, ಒಂದು ಸಾದಾ ಎಡಿಟರ್, ಹತ್ತು ಹದಿನೈದು ಗುರುತುಗಳು. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಒಂದು ಸಣ್ಣ ವೀರಗಲ್ಲಿನ ಪಾಠ ಎತ್ತಿಕೊಳ್ಳಲಿ. ಇಬ್ಬರು ಬೇರೆಬೇರೆಯಾಗಿ ಕೂತು ಗುರುತು ಹಾಕಲಿ. ಎಲ್ಲಿ ಜಗಳ ಬಂತೋ ಆ ಸಾಲುಗಳನ್ನು, ಜಗಳದ ಸಮೇತ, ಬರೆದಿಟ್ಟುಕೊಳ್ಳಲಿ.