ಕೊಸರು ಯಾರ ಬುಟ್ಟಿಯಿಂದ?



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಹೋದ ಸಲ ಮೈತ್ರಿಯ ಬಗ್ಗೆ ಬರೆದಿದ್ದೆ. ಈ ಸಲ ನನ್ನ ಜೇಬಿನಲ್ಲಿರುವ ಕ್ರೆಡಿಟ್ ಕಾರ್ಡಿನ ಬಗ್ಗೆ ಬರೆಯುತ್ತೇನೆ. ನಗಬೇಡಿ. ಈ ಕಾರ್ಡಿಗೂ ನಾವು ದಿನಾ ಹೇಳುವ ಎರಡನೆಯ ಶೀಲಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ.

ಕಾರ್ಡ್ ತೆಗೆದುಕೊಂಡಾಗ ಬೇಕಾಗಿತ್ತು ಎಂದೇನೂ ಇರಲಿಲ್ಲ. ಬ್ಯಾಂಕಿನಿಂದ ಫೋನ್ ಬಂತು, "ಸರ್, ನಿಮಗೆ ಕಾರ್ಡ್ ಮಂಜೂರಾಗಿದೆ" ಎಂದರು. ನಮ್ಮಪ್ಪ ಬ್ಯಾಂಕಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದವರು. ಅವರ ಮಗನಿಗೆ ಬ್ಯಾಂಕೇ ಫೋನ್ ಮಾಡಿ ಸರ್ ಎನ್ನುತ್ತಿದೆ! ಆ ಹೆಮ್ಮೆಗೇ ಹ್ಞೂಂ ಅಂದುಬಿಟ್ಟೆ.

ಆಮೇಲೆ ಅದರ ಲೆಕ್ಕಾಚಾರದಲ್ಲಿ ನಾನು ಬಹಳ ಬುದ್ಧಿವಂತನಾದೆ. ಬಿಲ್ ತಯಾರಾಗುವ ತಾರೀಕಿನ ಮರುದಿನ ದೊಡ್ಡ ಖರೀದಿ ಮಾಡಿದರೆ ಸುಮಾರು 45 ದಿನ ಬಡ್ಡಿಯಿಲ್ಲದೆ ಹಣ ಸಿಗುತ್ತದೆ. ದಿನಸಿ, ಪೆಟ್ರೋಲ್, ಮಗಳ ಕಾಲೇಜು ಫೀಸು ಎಲ್ಲ ಕಾರ್ಡಿನಲ್ಲೇ. ನೂರು ರೂಪಾಯಿಗೆ 2 ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ. ತಿಂಗಳಿಗೆ 25 ಸಾವಿರ ಖರ್ಚು ಎಂದರೆ ವರ್ಷಕ್ಕೆ 6,000 ಪಾಯಿಂಟ್, ಅಂದರೆ 1,500 ರೂಪಾಯಿ. ಬಿಲ್ ಪೂರ್ತಿ ಖಾತೆಯಿಂದ ತಾನೇ ಕಟ್ ಆಗುವಂತೆ ಮಾಡಿಟ್ಟಿದ್ದೆ. ಒಂದು ಪೈಸೆ ಬಡ್ಡಿ ಕಟ್ಟಿದವನಲ್ಲ. ಎರಡು ವರ್ಷದ ಪಾಯಿಂಟಿನಲ್ಲಿ ಚಕ್ರದ ಸೂಟ್‌ಕೇಸ್ ಬಂತು. ದೀಕ್ಷಾಭೂಮಿಗೆ ಹೋದಾಗ ಅದನ್ನು ಎಳೆದುಕೊಂಡು ಹೋದದ್ದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. "ಬಿಟ್ಟಿ ಬಂದದ್ದು" ಎಂದು ನಾನೇ ಹೇಳಿಕೊಂಡಿದ್ದೆ.

ಬಿಟ್ಟಿ. ಕನ್ನಡ ಮೇಷ್ಟ್ರಾಗಿ ಆ ಪದ ಬಳಸುವಾಗ ನಾನು ಎಚ್ಚರವಾಗಿರಬೇಕಿತ್ತು. ನಮ್ಮ ತಾತಂದಿರು ಮಾಡುತ್ತಿದ್ದ ಬಿಟ್ಟಿ ಕೆಲಸದ ಬಿಟ್ಟಿಯೂ ಇದೇ. ಒಬ್ಬನಿಗೆ ಬಿಟ್ಟಿ ಸಿಕ್ಕಿದೆ ಎಂದರೆ ಇನ್ನೊಬ್ಬ ಎಲ್ಲೋ ಬಿಟ್ಟಿ ದುಡಿದಿದ್ದಾನೆ.

ಸಂತೆಯಲ್ಲಿ ಸೊಪ್ಪು ಮಾರುವ ಅಮ್ಮ ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳಲ್ಲ, ಅದು ಅವಳ ಬುಟ್ಟಿಯದು, ಅವಳ ಕೈಯಿಂದಲೇ ಕೊಟ್ಟದ್ದು. ಬ್ಯಾಂಕಿನ ಕೊಸರು ಹಾಗಲ್ಲ. ನಾನು ಸಾವಿರ ರೂಪಾಯಿಗೆ ಕಾರ್ಡ್ ಉಜ್ಜಿದರೆ ಅಂಗಡಿಯವರಿಗೆ ಸುಮಾರು 20 ರೂಪಾಯಿ ಕಡಿಮೆ ಸೇರುತ್ತದೆ. ಅದರಲ್ಲೊಂದು ಪಾಲೇ ನನ್ನ ಪಾಯಿಂಟ್. ಅಂಗಡಿಯವರು ಆ 20ನ್ನು ಬೆಲೆಯೊಳಗೆ ಸೇರಿಸಿದರೆ ನಗದು ಕೊಟ್ಟು ಅಕ್ಕಿ ಒಯ್ಯುವ ಕೂಲಿಯವರೂ ಅದನ್ನು ತೆರುತ್ತಾರೆ, ಅವರಿಗೆ ಪಾಯಿಂಟಿಲ್ಲ. "ಕಾರ್ಡಾದರೆ ನೂರಕ್ಕೆ ಎರಡು ಜಾಸ್ತಿ ಸಾರ್" ಎಂದ ಅಂಗಡಿಯವನ ಜೊತೆ ನಾನೇ ಜಗಳವಾಡಿದ್ದೇನೆ, ಈಗ ನಾಚಿಕೆಯಾಗುತ್ತದೆ. ಇನ್ನೊಂದು ಪಾಲು ಬರುವುದು ಬಿಲ್ ಪೂರ್ತಿ ಕಟ್ಟಲಾಗದೆ ಬಡ್ಡಿ ಕಟ್ಟುವವರಿಂದ. ಅಮೆರಿಕದ ಕಾರ್ಡ್ ವ್ಯವಹಾರದವರು ನನ್ನಂತೆ ಪೂರ್ತಿ ಕಟ್ಟುವವರಿಗೆ 'ಡೆಡ್‌ಬೀಟ್' ಎಂದು ಅಡ್ಡಹೆಸರು ಇಟ್ಟಿದ್ದಾರೆ. ಆ ಮಾತಿನ ನಿಜವಾದ ಅರ್ಥ ಸಾಲ ತೀರಿಸದ ಕಳ್ಳ ಎಂದು! ಸರಿಯಾಗಿ ತೀರಿಸುವವನೇ ಅವರ ಪಾಲಿಗೆ ದಂಡಪಿಂಡ.

ಇದೆಲ್ಲ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ನನ್ನಕ್ಕನ ಮಗನಿಂದ. ಬೆಂಗಳೂರಿನಲ್ಲಿ ಸಣ್ಣ ಸಂಬಳದ ಕೆಲಸ. ಹೋದ ವರ್ಷ ಅವನಿಗೆ ನಾನೇ ಕಾರ್ಡಿನ ಲಿಂಕ್ ಕಳಿಸಿದೆ. ನನ್ನ ಲಿಂಕಿನಿಂದ ಯಾರಾದರೂ ಸೇರಿದರೆ ನನಗೆ 2,000 ಪಾಯಿಂಟ್.

"ಒಂದು ಲಕ್ಷ ಇದೆ ಮಾವ" ಎಂದು ಖುಷಿಯಿಂದ ಫೋನ್ ಮಾಡಿದ. ಲಿಮಿಟ್ ಒಂದು ಲಕ್ಷ ಎಂದು ಹೇಳಬೇಕಾದವನು 'ಇದೆ' ಎಂದ. ನಾನು ತಿದ್ದಲಿಲ್ಲ.

ಅಕ್ಕನಿಗೆ ಆಪರೇಷನ್ ಆಯಿತು. ಔಷಧಿ, ಆಸ್ಪತ್ರೆ ಸೇರಿ 60 ಸಾವಿರ ಕಾರ್ಡಿನಲ್ಲಿ ಕಟ್ಟಿದ. ನನಗೆ ಹೇಳಲಿಲ್ಲ, ಮಾವನಿಗೆ ತೊಂದರೆ ಯಾಕೆ ಎಂದು. ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ 3,000' ಎಂದಿತ್ತು. ಅಷ್ಟು ಕಟ್ಟಿದರೆ ಸಾಕು ಎಂದುಕೊಂಡ. ಬಡ್ಡಿ ತಿಂಗಳಿಗೆ ಮೂರೂವರೆ, ಅಂದರೆ 2,100. ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ, 378. ಅವನು ಕಟ್ಟಿದ 3,000ದಲ್ಲಿ ಅಸಲಿಗೆ ಹೋದದ್ದು 522 ರೂಪಾಯಿ. ಏಳು ತಿಂಗಳಲ್ಲಿ 20 ಸಾವಿರಕ್ಕೂ ಹೆಚ್ಚು ಕಟ್ಟಿದ್ದಾನೆ, ಸಾಲ ಇಳಿದದ್ದು ಮೂರೂವರೆ ಸಾವಿರ. ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ನಗದು ತೆಗೆದರಂತೂ ಬಾಕಿ ಇರಲಿ ಬಿಡಲಿ, ಅಂದಿನಿಂದಲೇ ಬಡ್ಡಿ. ನಮ್ಮ ಹಳ್ಳಿಯಲ್ಲಿ ನೂರಕ್ಕೆ ಮೂರು ಬಡ್ಡಿ ಕೇಳುವವನನ್ನು ರಕ್ತ ಹೀರುವವನು ಎನ್ನುತ್ತೇವೆ. ಇಲ್ಲಿ ಮೂರೂವರೆ. ಆದರೆ ಬಿಲ್ಲಿನ ಲೆಕ್ಕದಲ್ಲಿ ಅದನ್ನು ಬಡ್ಡಿ ಎಂದು ಬರೆದಿಲ್ಲ. 'ಫೈನಾನ್ಸ್ ಚಾರ್ಜಸ್' ಎಂದಿದೆ.

ನನ್ನ 2,000 ಪಾಯಿಂಟಿನ ಬೆಲೆ 500 ರೂಪಾಯಿ. ಅವನು ಬಡ್ಡಿ, ತೆರಿಗೆ ಅಂತ ಕಟ್ಟಿದ್ದು ಸುಮಾರು 17 ಸಾವಿರ.

ನಮ್ಮ ಅಧ್ಯಯನ ವೃತ್ತದಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, "ಅವನೇನು ಮಗುವೇ? ಓದಿ ಸಹಿ ಮಾಡಿದ್ದಾನೆ. ನೀವು ಒಳ್ಳೆಯದಕ್ಕೇ ಕಳಿಸಿದಿರಿ. ಚೇತನವೇ ಕಮ್ಮ ಎಂದು ಬುದ್ಧರೇ ಹೇಳಿದ್ದಾರಲ್ಲ" ಎಂದರು. ಆ ಮಾತು ನನಗೆ ಹಿತವಾಗಿತ್ತು. ಮನೆಗೆ ಬಂದು ಯೋಚಿಸಿದೆ. ಲಿಂಕ್ ಕಳಿಸುವ ಗಳಿಗೆಯಲ್ಲಿ ನನ್ನ ಚೇತನ ಏನಾಗಿತ್ತು? ಅವನ ಸಂಬಳ ಪ್ರತಿ ತಿಂಗಳೂ 20ನೇ ತಾರೀಕಿಗೇ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ತಿಂಗಳ ಕೊನೆಗೆ ನನ್ನ ಹತ್ತಿರವೇ ಕೈಗಡ ಕೇಳುತ್ತಿದ್ದ. ಗೊತ್ತಿದ್ದೂ ಕಳಿಸಿದೆ, ಏಕೆಂದರೆ ಪಾಯಿಂಟ್ ಕಾಣುತ್ತಿತ್ತು. ಸಣ್ಣ ಲೋಭ. ಸಣ್ಣದು ಎಂದು ಬಿಡಲು ಆಗುತ್ತಿಲ್ಲ.

ಅಂಗುತ್ತರ ನಿಕಾಯದಲ್ಲಿ ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖ ಹೇಳುತ್ತಾರೆ: ಸಂಪತ್ತು ಇರುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ಬದುಕಿನ ಸುಖ. ನನಗೆ ಮೂರನೆಯದು ಇತ್ತು, ಅವನದನ್ನು ಕಳೆದೆ. ವಿನಯದಲ್ಲಿ ಉಪಸಂಪದೆಗೆ ಬಂದವರನ್ನು ನೀನು ಸಾಲಗಾರನೋ ಎಂದು ಕೇಳಬೇಕು; ಸಾಲವಿದ್ದವನಿಗೆ ಚೀವರ ಇಲ್ಲ. ಮೊದಮೊದಲು ಇದು ನನಗೆ ಕಠಿಣ ನಿಯಮ ಅನ್ನಿಸುತ್ತಿತ್ತು. ಆದರೆ ನಮ್ಮ ತಾತ ಸಾಲಕ್ಕೆ ಜೀತವಿದ್ದವರು. ಜೀತ ರದ್ದಾದ ಕಾನೂನು ಬಂದದ್ದು 1976ರಲ್ಲಿ. ಸಾಲ ಇರುವವನ ದೇಹ ಅವನದಲ್ಲ ಎಂಬುದನ್ನು ನಮ್ಮ ಮನೆಗೆ ಯಾರೂ ಪಾಠ ಹೇಳಬೇಕಿಲ್ಲ.

ಹಾಗಾದರೆ ಕಾರ್ಡನ್ನೇ ಬಿಡಬೇಕೇ? ನನಗೆ ಹಾಗನ್ನಿಸಿಲ್ಲ. ನಾನು ಪಾಯಿಂಟ್ ಬಿಟ್ಟುಕೊಟ್ಟರೆ ಅದು ನನ್ನ ಅಳಿಯನಿಗೆ ಹೋಗುವುದಿಲ್ಲ, ಬ್ಯಾಂಕಿಗೇ ಉಳಿಯುತ್ತದೆ. ಬ್ಯಾಂಕ್ ಕೊಟ್ಟದ್ದನ್ನು ತೆಗೆದುಕೊಂಡರೆ ಅದಿನ್ನಾದಾನ ಆಗುವುದಿಲ್ಲ ಎಂದೇ ನನ್ನ ಎಣಿಕೆ. ನಿಮ್ಮಲ್ಲಿ ಯಾರಾದರೂ ಬೇರೆ ವಾದ ಹೇಳಿದರೆ ಕೇಳುತ್ತೇನೆ. ಆದರೆ ಸಣ್ಣ ಅಂಗಡಿಯಲ್ಲಿ ಕಾರ್ಡ್ ತೆಗೆಯುವುದನ್ನು ಬಿಟ್ಟಿದ್ದೇನೆ. ಖಾತೆಯಿಂದ ಯುಪಿಐ ಮಾಡಿದರೆ ಅಂಗಡಿಯವರಿಗೆ ಖರ್ಚಿಲ್ಲ. ಇನ್ನು ಲಿಂಕ್ ಕಳಿಸುವುದು ಬೇರೆಯೇ ಮಾತು. ಅಲ್ಲಿ ಕೊಸರಿಗಾಗಿ ನಾನೇ ಇನ್ನೊಬ್ಬರ ಬುಟ್ಟಿಯನ್ನು ತೋರಿಸಿಕೊಟ್ಟಂತೆ.

ದೀಘಜಾಣುವಿಗೆ ಹೇಳಿದ ಸುತ್ತದಲ್ಲಿ ಆದಾಯ ಕಡಿಮೆಯಿದ್ದು ದೊಡ್ಡದಾಗಿ ಬದುಕುವವನನ್ನು ಅತ್ತಿಹಣ್ಣು ತಿನ್ನುವವನಿಗೆ ಹೋಲಿಸಿದ್ದಾರೆ. ಮರ ಅಲ್ಲಾಡಿಸಿ ರಾಶಿ ಉದುರಿಸುತ್ತಾನೆ, ತಿನ್ನುವುದು ನಾಲ್ಕು. ಅಳಿಯನಿಗೆ ಇದನ್ನು ಹೇಳಹೊರಟು ನಿಲ್ಲಿಸಿದೆ. ತಾಯಿಯ ಆಪರೇಷನ್ ಮಾಡಿಸಿದವನಿಗೆ ಆ ಹೋಲಿಕೆ ಅನ್ಯಾಯ. ಅದು ಸೂಟ್‌ಕೇಸ್ ತಂದ ನನಗೇ ಹತ್ತಿರ. 200 ರೂಪಾಯಿಯ ಪಾಯಿಂಟಿಗಾಗಿ ಬೇಡದ 5,000ದ ವಸ್ತು ಕೊಂಡ ದಿನಗಳಿವೆ.

ಅವನ ಬಾಕಿಯನ್ನು ನಾನು ನಮ್ಮ ನೌಕರರ ಸಹಕಾರ ಸಂಘದಲ್ಲಿ ಸಾಲ ತೆಗೆದು ತೀರಿಸಿದೆ. ಅಲ್ಲಿನ ಬಡ್ಡಿ ಕಾರ್ಡಿನದಕ್ಕೆ ಮೂರನೇ ಒಂದು ಪಾಲೂ ಇಲ್ಲ. ತಿಂಗಳಿಗೆ 3,000 ನನಗೆ ಕಳಿಸುತ್ತಾನೆ. ಬೇಡ ಅಂದರೆ, "ಮಾವ, ಇದನ್ನಾದರೂ ನಾನು ಕಟ್ಟುತ್ತೇನೆ" ಎಂದ. ಸರಿ ಅಂದೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ರೂಪಾಯಿಯ ಸಮಸ್ಯೆಯ ಮೇಲೆ 1923ರಲ್ಲೇ ಗ್ರಂಥ ಬರೆದವರು ಬಾಬಾಸಾಹೇಬರು. ನಾವು ನಮ್ಮ ಮನೆಗೆ ಬರುವ ಎರಡು ಪುಟದ ಬಿಲ್ ಓದುವುದಿಲ್ಲ.

ಹೋದ ಭಾನುವಾರ ಹೊಸದಾಗಿ ನೌಕರಿಗೆ ಸೇರಿದ ತಮ್ಮನೊಬ್ಬ ಬಂದು, "ಸಾರ್, ನಿಮ್ಮ ಕಾರ್ಡ್ ಚೆನ್ನಾಗಿದೆಯಂತೆ, ಲಿಂಕ್ ಕಳಿಸಿ" ಎಂದ. ಬೇಕಾದರೆ ನೇರವಾಗಿ ಬ್ಯಾಂಕಿಗೇ ಹೋಗಪ್ಪ ಎಂದೆ. "ನಿಮಗೇ ಲಾಸು ಸಾರ್" ಎಂದು ನಕ್ಕ. ಅವನನ್ನು ಕೂರಿಸಿಕೊಂಡು ಅಳಿಯನ ಏಳು ತಿಂಗಳ ಬಿಲ್ ತೋರಿಸಿದೆ. ಓದಲು ಅರ್ಧ ಗಂಟೆ ಹಿಡಿಯಿತು. ಬರುವ ಭಾನುವಾರ ವಂದನೆ ಮುಗಿದ ಮೇಲೆ ಯಾರ ಬಳಿ ಇಂಥ ಬಿಲ್ ಇದೆಯೋ ತನ್ನಿ, ಹೆಸರು ಮುಚ್ಚಿ ತಂದರೂ ಸರಿ. ಒಟ್ಟಿಗೆ ಕೂತು ಓದೋಣ.

ಜೈ ಭೀಮ್.